ಅಪ್ಪನ ಎದುರಿನ ಕುರ್ಚಿ

ಸಂಶೋಧನಾ ಕೇಂದ್ರದ ಎರಡನೆಯ ಮಹಡಿಯ ಆ ಕೋಣೆಯಲ್ಲಿ ನನ್ನ ಕುರ್ಚಿ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಮೇಜಿನ ಈಚೆ ಅಪ್ಪ, ಅಪ್ಪನ ಪಕ್ಕದಲ್ಲಿ ಮಾತು ಕಲಿಸುವ ಥೆರಪಿಸ್ಟ್ ಮೇಡಂ, ಮೇಜಿನ ಆಚೆ, ಅಪ್ಪನಿಗೆ ನೇರ ಎದುರಾಗಿ, ನಾನು. ಬೇರೆ ರೋಗಿಗಳ ಮನೆಯವರು ಹೊರಗಿನ ಬೆಂಚಿನಲ್ಲಿ ಕಾಯಬೇಕಿತ್ತು. ಆದರೆ ನಾನು ಕಣ್ಣಿಗೆ ಬೀಳದಿದ್ದರೆ ಅಪ್ಪ ಎದ್ದು ಬಾಗಿಲ ಕಡೆ ನಡೆದುಬಿಡುತ್ತಿದ್ದ. ಹಾಗಾಗಿ ನನ್ನ ಮಟ್ಟಿಗೆ ನಿಯಮ ಸಡಿಲಿಸಿದ್ದರು. ಒಂದೇ ಷರತ್ತು, ಪಾಠ ನಡೆಯುವಾಗ ನಾನು ಮಾತಾಡಬಾರದು.

"ಆ ಚಿಂತೆ ನಿಮಗೆ ಬೇಡ ಮೇಡಂ," ಎಂದಿದ್ದಳು ಅಮ್ಮ, ನಮ್ಮನ್ನು ಮೊದಲ ಸಲ ಕರೆತಂದಾಗ. "ಇವಳು ಬಾಯಿ ಬಿಡೋದು ಆಕಳಿಸೋಕೆ ಮಾತ್ರ."

ಅಪ್ಪ ಹಾಗಲ್ಲ. ಹಳೆಯ ಸಾಮಾನುಗಳ ಹರಾಜು ಮಳಿಗೆಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಕಾಲು ಮುರಿದ ಮೇಜಿಗೂ ಮೂರು ಜನ ಜಗಳಕ್ಕೆ ಬೀಳುವ ಹಾಗೆ ಮಾಡುತ್ತಿದ್ದ. ನಾನು ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟಾಗ ಅಮ್ಮ ದಿನವಿಡೀ ಅತ್ತಿದ್ದಳು. ಎದ್ದು ನಿಂತು ಓದು ಎಂದರೆ ನನಗೆ ಅಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು; ಅಷ್ಟಕ್ಕೇ ಬಿಟ್ಟೆ. ಅಪ್ಪ ಮಾತ್ರ, "ಹೋಗ್ಲಿ ಬಿಡೇ, ಇಬ್ಬರಿಗಾಗೋಷ್ಟು ಬಾಯಿ ನನಗೇ ಇದೆ," ಎಂದು ನಕ್ಕುಬಿಟ್ಟಿದ್ದ.

ಒಂದು ಬೆಳಿಗ್ಗೆ ಮಳಿಗೆಯಲ್ಲಿ ಗೋಡೆ ಗಡಿಯಾರವೊಂದನ್ನು ಹರಾಜು ಹಾಕುತ್ತಿದ್ದವನು "ಎರಡು ಸಲ" ಎಂದು ಕೂಗಿ ಅಲ್ಲೇ ಕುಸಿದ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೈಕಾಲು ತಿಂಗಳುಗಳಲ್ಲಿ ಸರಿಹೋದವು. ಮಾತು ಬರಲಿಲ್ಲ. ನಾವು ಹೇಳಿದ್ದು ತಿಳಿಯುತ್ತಿತ್ತು, ತಾನು ಹೇಳಬೇಕಾದ್ದೂ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಸಿಗುತ್ತಿರಲಿಲ್ಲ. ಉಳಿದದ್ದು ದಿನವೂ ಕೂಗಿ ಕೂಗಿ ನಾಲಿಗೆಗೆ ಅಂಟಿಕೊಂಡ ಮೂರೇ ಮಾತು: ಒಂದು ಸಲ, ಎರಡು ಸಲ, ಮೂರು ಸಲ. ಹಸಿವಾದರೂ ಅದೇ, ಸಿಟ್ಟು ಬಂದರೂ ಅದೇ. "ನೆಂಟರು ಬಾಗಿಲಿಗೆ ಬಂದರೆ ಸಾಕು, ಎಲ್ಲರನ್ನೂ ಹರಾಜು ಹಾಕಿಬಿಡ್ತಾರೆ ನಿಮ್ಮಪ್ಪ," ಎನ್ನುತ್ತಿದ್ದಳು ಅಮ್ಮ. ನೆಂಟರು ನಗುತ್ತಿದ್ದರು. ಆಮೇಲೆ ಬರುವುದನ್ನು ಕಡಿಮೆ ಮಾಡಿದರು.

ಅಮ್ಮ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆಯ ಹೊದಿಕೆಗಳನ್ನು ಇಸ್ತ್ರಿ ಮಾಡುತ್ತಾಳೆ. ಅವಳು ಬೆಳಿಗ್ಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಅಪ್ಪ ಮತ್ತು ನಾನು. ಅಪ್ಪನ ಹುಬ್ಬು ನೋಡಿ, ಬೆರಳು ನೋಡಿ, ಏನು ಬೇಕೆಂದು ನಾನು ತಿಳಿದುಕೊಳ್ಳುತ್ತಿದ್ದೆ. ಅಂಗಡಿಯವರಿಗೆ, ಪಕ್ಕದ ಮನೆಯವರಿಗೆ ಅವನ ಪರವಾಗಿ ಹೇಳುತ್ತಿದ್ದೆ. ನನ್ನ ಪರವಾಗಿ ಹೇಳಲು ಬಾರದವಳಿಗೆ ಅಪ್ಪನ ಪರವಾಗಿ ಹೇಗೋ ಬರುತ್ತಿತ್ತು. ನಾನು ಬಚ್ಚಲಿಗೆ ಹೋದರೂ ಅಪ್ಪ ಬಾಗಿಲ ಹೊರಗೆ ನಿಂತಿರುತ್ತಿದ್ದ. ಅವನ ಚಪ್ಪಲಿಯ ನೆರಳು ಬಾಗಿಲಿನ ಕೆಳಗೆ ಕಾಣುತ್ತಿತ್ತು.

ಈ ಕೇಂದ್ರದ ಮುಖ್ಯಸ್ಥರನ್ನು ಅಮ್ಮ ಹಕ್ಕಿ ಡಾಕ್ಟರು ಎಂದು ಕರೆಯುತ್ತಿದ್ದಳು. ಕೆಳಗಿನ ಮಹಡಿಯಲ್ಲಿ ಅವರು ಹೆಬ್ಬೆರಳಿನಷ್ಟು ಹಕ್ಕಿಗಳನ್ನು ಸಾಕಿದ್ದರು. ಹಕ್ಕಿಮರಿ ಹಾಡು ಕಲಿಯುವಾಗ ಅದರ ಮೆದುಳಿನಲ್ಲಿ ಏನಾಗುತ್ತದೆಂದು ನೋಡುತ್ತಾ ನೋಡುತ್ತಾ, ಹಾಡು ಮರೆತ ಮುದಿ ಹಕ್ಕಿಗೆ ಮತ್ತೆ ಕಲಿಯುವ ಶಕ್ತಿ ಕೊಡುವ ಔಷಧಿಯೊಂದು ಅವರಿಗೆ ಸಿಕ್ಕಿತ್ತು. ಅದನ್ನೇ ಈಗ ಮಾತು ಕಳೆದುಕೊಂಡವರಿಗೆ ಕೊಟ್ಟು, ಔಷಧಿಯ ಹಿಂದೆಯೇ ಪಾಠ ಹೇಳಿ ನೋಡುತ್ತಿದ್ದರು.

"ಹಕ್ಕಿ ಮೇಲಿನ ಕೆಲಸಕ್ಕೆ ದುಡ್ಡು ಕೊಡೋರು ಇದ್ದಾರಮ್ಮ," ಎಂದು ಅವರು ಒಮ್ಮೆ ಅಮ್ಮನಿಗೆ ವಿವರಿಸಿದರು. "ಔಷಧಿ ಗೆದ್ದ ಮೇಲೆ ಅದನ್ನ ಮಾರೋಕೆ ದುಡ್ಡು ಹಾಕೋರು ಸಾಲಲ್ಲಿ ನಿಲ್ತಾರೆ. ಹಕ್ಕಿಯಿಂದ ಮನುಷ್ಯರವರೆಗೆ ತರೋದಿದೆಯಲ್ಲ, ಆ ನಡುವಿನ ದಾರಿಗೆ ಯಾರೂ ಇಲ್ಲ. ನಿಮ್ಮ ಯಜಮಾನರು ಈಗ ಆ ನಡುವೆ ನಿಂತಿದ್ದಾರೆ."

"ನಿಂತಿರೋದು ಅವರೊಬ್ಬರೇ ಅಲ್ಲ ಬಿಡಿ," ಎಂದಳು ಅಮ್ಮ.

ಆ ನಡುವಿನ ದಾರಿಗೆ ಹಣ ಕೊಡಲು ಒಂದು ಟ್ರಸ್ಟ್ ಮುಂದೆ ಬಂದಿತ್ತು. ಅವರು ಬಂದು ಕಣ್ಣಾರೆ ನೋಡಿ, ಒಪ್ಪಿದರೆ ಎರಡನೆಯ ಹಂತ ಶುರು. ಎರಡನೆಯ ಹಂತದಲ್ಲಿ ರೋಗಿಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ಕೇಂದ್ರದಲ್ಲೇ ಇರುತ್ತಾರೆ, ಊಟ ಅಲ್ಲೇ, ಪಾಠ ಅಲ್ಲೇ, ಮನೆಯವರು ಜೊತೆಗಿರಬೇಕಿಲ್ಲ; ನಾನಿಲ್ಲದೆಯೂ ಇರಲು ಅಪ್ಪ ನಿಧಾನವಾಗಿ ಒಗ್ಗಿಕೊಳ್ಳುತ್ತಾನೆ ಎಂದರು ಮೇಡಂ. ಮೇಡಂ ಇದನ್ನು ಹೇಳಿದ ಸಂಜೆ ನಾನು ಕನ್ನಡಕದ ಅಂಗಡಿಗೆ ಹೋದೆ.

ನಮ್ಮ ಬೀದಿ ದೊಡ್ಡ ರಸ್ತೆಗೆ ಸೇರುವ ಮೂಲೆಯಲ್ಲಿ ಆ ಅಂಗಡಿ ಇದೆ. ಹಿಂದಿನ ಕೋಣೆಯಲ್ಲಿ ಕನ್ನಡಕದ ಗಾಜಿನ ಅಂಚು ಉಜ್ಜುವ ಯಂತ್ರ. ಅದನ್ನು ನಡೆಸುತ್ತಿದ್ದವಳು ಮದುವೆಯಾಗಿ ಹೋಗಿದ್ದಳು. ಅಪ್ಪನ ಕನ್ನಡಕ ರಿಪೇರಿಗೆ ಹೋದಾಗೆಲ್ಲ ನಾನು ಆ ಯಂತ್ರವನ್ನೇ ನೋಡುತ್ತಿದ್ದುದನ್ನು ಅಂಗಡಿಯ ಯಜಮಾನರು ಗಮನಿಸಿದ್ದರು. ಒಂದು ಗಾಜು ಕೊಟ್ಟು ಉಜ್ಜಿಸಿ ನೋಡಿ, ಆ ಕೆಲಸಕ್ಕೆ ಬಾ ಎಂದಿದ್ದರು. ನೀರು ಸಣ್ಣಗೆ ಹರಿಯುತ್ತಾ ಇರುತ್ತದೆ, ಗಾಜು ಬೆರಳಿನ ತುದಿಗೆ ಸ್ವಲ್ಪ ಸ್ವಲ್ಪವಾಗಿ ದುಂಡಗಾಗುವುದು ಗೊತ್ತಾಗುತ್ತದೆ. ಯಾರೂ ಏನೂ ಕೇಳುವುದಿಲ್ಲ. ಆ ಯಂತ್ರದ ಮುಂದೆ ನನ್ನ ಬಾಯಿ ಬರೀ ನನ್ನದಾಗಿತ್ತು.

"ನಿಂಗೆ ಕೈ ಇದೆ ಕಣಮ್ಮ," ಎಂದರು ಯಜಮಾನರು. "ಆದ್ರೆ ನಾನೂ ಎಷ್ಟು ದಿನ ಅಂತ ಕಾಯ್ಲಿ? ಈ ತಿಂಗಳು ನೋಡ್ತೀನಿ."

"ಅಪ್ಪಂಗೆ ಅಲ್ಲಿ ಜಾಗ ಸಿಕ್ಕಿದ ಮಾರನೇ ದಿನವೇ ಬರ್ತೀನಿ," ಎಂದೆ. ನನಗಾಗಿ ಅಷ್ಟುದ್ದ ಮಾತಾಡಿ ಎಷ್ಟೋ ಕಾಲವಾಗಿತ್ತು.

ಜಾಗ ಸಿಗುತ್ತದೆಂದು ನಂಬಲು ಕಾರಣವೂ ಇತ್ತು. ಎಲ್ಲ ರೋಗಿಗಳಲ್ಲಿ ಅಪ್ಪನೇ ಮುಂದಿದ್ದ. ಮೇಡಂ ಮೇಜಿನ ಮೇಲೆ ಚಿತ್ರ ಇಟ್ಟು ಬೆರಳು ತೋರಿಸಿದರೆ ಅಪ್ಪ ಒಂದು ಕ್ಷಣ ತಲೆ ಎತ್ತಿ ಮುಂದೆ ನೋಡಿ, "ಕಿಟಕಿ," ಎನ್ನುತ್ತಿದ್ದ. "ಬಕೆಟ್ಟು." "ಏಣಿ." ಉಳಿದವರು ಇನ್ನೂ ತಡವರಿಸುತ್ತಿದ್ದರು. ಟ್ರಸ್ಟಿನವರಿಗೆ ತೋರಿಸಲು ಅಪ್ಪನನ್ನೇ ಆರಿಸಿದ್ದರು. ಮೊದಲೇ ಕಳಿಸಲೆಂದು ಒಂದು ಪಾಠವನ್ನು ಚಿತ್ರೀಕರಿಸಿ ಕಂಪ್ಯೂಟರಿನಲ್ಲಿ ಹಾಕಿ ನಮಗೆಲ್ಲ ತೋರಿಸಿದರು.

ಎಲ್ಲರೂ ಅಪ್ಪನನ್ನು ನೋಡುತ್ತಿದ್ದರು. ಅಮ್ಮ ಆ ದಿನ ರಜೆ ಹಾಕಿ ಬಂದಿದ್ದಳು, ಒಂದೊಂದು ಪದಕ್ಕೂ ನನ್ನ ಕೈ ಹಿಸುಕುತ್ತಿದ್ದಳು. ನನ್ನ ಕಣ್ಣು ಪರದೆಯಲ್ಲಿ ಅಪ್ಪನ ಹಿಂದಿದ್ದ ಗಾಜಿನ ಬೀರುವಿನ ಮೇಲೆ ಬಿತ್ತು. ಅದರ ಬಾಗಿಲಿನಲ್ಲಿ ಮೇಜಿನ ಆಚೆ ಬದಿ ಪ್ರತಿಫಲಿಸಿತ್ತು, ಅಲ್ಲಿ ನಾನಿದ್ದೆ. ಮೇಡಂ ಏಣಿಯ ಚಿತ್ರ ಇಟ್ಟರು. ಗಾಜಿನೊಳಗಿನ ನನ್ನ ತುಟಿಗಳು, ಸದ್ದಿಲ್ಲದೆ, ಏಣಿ ಎಂದವು. ಆಮೇಲೆ ಅಪ್ಪ, "ಏಣಿ," ಎಂದ.

ಪೊರಕೆ. ಬೀಗ. ಹಾಲು. ಪ್ರತಿ ಸಲವೂ ನಾನು ಮೊದಲು, ಅಪ್ಪ ಆಮೇಲೆ.

ನನ್ನ ತುಟಿ ಅಲ್ಲಾಡುತ್ತದೆಂದು ನನಗೇ ಗೊತ್ತಿರಲಿಲ್ಲ. ಮಗುವಿಗೆ ಉಣಿಸುವವರ ಬಾಯಿ ತುತ್ತಿನ ಜೊತೆ ತಾನೇ ತೆರೆದುಕೊಳ್ಳುತ್ತದಲ್ಲ, ಹಾಗೆ ಆಗಿರಬೇಕು. ಅಪ್ಪ ತಲೆ ಎತ್ತಿ ನೋಡುತ್ತಿದ್ದುದನ್ನು ಎಲ್ಲರೂ ಯೋಚನೆ ಎಂದುಕೊಂಡಿದ್ದರು. ಅವನು ನೋಡುತ್ತಿದ್ದುದು ನನ್ನ ಬಾಯಿಯನ್ನು.

ಮನೆಗೆ ಬಂದು ಅಮ್ಮ ಅಡುಗೆ ಮಾಡುತ್ತಿದ್ದಾಗ ಅಪ್ಪನ ಮುಂದೆ ಚಮಚ ಇಟ್ಟೆ. ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದೆ.

"ಇದೇನಪ್ಪ?"

ಅಪ್ಪ ಚಮಚ ನೋಡಿದ, ನನ್ನ ಮುಖ ನೋಡಿದ. ಕೈ ಚಾಚಿ ಕರವಸ್ತ್ರ ಸರಿಸಲು ನೋಡಿದ. ನಾನು ಬಿಡಲಿಲ್ಲ. "ಒಂದು ಸಲ," ಎಂದ. ಹಣೆ ಬೆವರಿತು. "ಒಂದು ಸಲ. ಎರಡು..." ಕರವಸ್ತ್ರ ತೆಗೆದೆ. ತುಟಿ ಅಲ್ಲಾಡಿದ್ದು ಈ ಸಲ ನನಗೆ ತಿಳಿಯಿತು. "ಚಮಚ," ಎಂದು ಅಪ್ಪ ಉಸಿರು ಬಿಟ್ಟ.

ನಾನು ಅಡುಗೆಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಒಲೆ ಸಣ್ಣ ಮಾಡಿ ಕೇಳಿದಳು.

"ಸದ್ದು ಮಾಡಿದ್ಯಾ?"

"ಇಲ್ಲ."

"ಮತ್ತೆ? ತುಟಿ ಅಲ್ಲಾಡಿಸಬೇಡ ಅಂತ ಅವರೇನು ಹೇಳಿದ್ರಾ? ಸುಮ್ನಿರು. ಮೊದಲು ದುಡ್ಡು ಬರಲಿ."

"ಬಂದ ಮೇಲೆ ಅಲ್ಲಿ ನಾನು ಇರಲ್ಲಮ್ಮ. ಆಗ ಅಪ್ಪ ಏನ್ ಮಾತಾಡ್ತಾನೆ?"

ಅಮ್ಮ ಒಲೆ ದೊಡ್ಡ ಮಾಡಿದಳು. "ಆಗಿನದು ಆಗ. ಅಷ್ಟೊಂದು ಬುದ್ಧಿ ಇದ್ದೋಳು ಶಾಲೆಗೆ ಹೋಗಬೇಕಿತ್ತು."

ಅಂದಿನಿಂದ ನಾನು ಎಷ್ಟು ತಿರುಗಿಸಿ ನೋಡಿದರೂ ಲೆಕ್ಕ ಒಂದೇ ಕಡೆಗೆ ಬರುತ್ತಿತ್ತು. ತುಟಿ ಆಡಿಸಿದರೆ ಹಣ ಬರುತ್ತದೆ, ಜಾಗ ಸಿಗುತ್ತದೆ, ನಾನಿಲ್ಲದ ಆ ಜಾಗದಲ್ಲಿ ಅಪ್ಪ ಮತ್ತೆ ಮೂಕನಾಗುತ್ತಾನೆ, ನನ್ನನ್ನು ಕರೆಸುತ್ತಾರೆ. ತುಟಿ ಬಿಗಿಹಿಡಿದರೆ ಹಣವಿಲ್ಲ, ಜಾಗವಿಲ್ಲ, ಅಪ್ಪ ಮನೆಯಲ್ಲೇ, ನಾನೂ ಮನೆಯಲ್ಲೇ. ಇನ್ನೊಂದು ವಿಷಯ ಇದಕ್ಕಿಂತ ಹೆಚ್ಚು ಕಾಡಿತು. ಔಷಧಿ ಶುರುವಾದ ಮೇಲೆ ಮನೆಯಲ್ಲೂ, ಅಪ್ಪನಿಗೆ ಬಾಯಾರಿದೆ ಎಂದು ನಾನು ಊಹಿಸಿದರೆ ಅಪ್ಪ ನೀರು ಎನ್ನುತ್ತಿದ್ದ. ಕೊಟ್ಟರೆ ಕುಡಿಯುತ್ತಿದ್ದ. ಅವನಿಗೆ ನಿಜವಾಗಿ ಬಾಯಾರಿತ್ತೇ? ಇಷ್ಟು ದಿನ ಮನೆಯಲ್ಲಿ ಮಾತಾಡಿದ್ದು ಯಾರು?

ಮೇಡಂಗೆ ಹೇಳಲೆಂದು ಒಂದು ದಿನ ಪಾಠ ಮುಗಿದ ಮೇಲೂ ನಿಂತೆ. ಅವರು ಚಿತ್ರಗಳನ್ನು ಡಬ್ಬಿಗೆ ತುಂಬುತ್ತಿದ್ದರು.

"ಏನಮ್ಮಾ?"

ನೆಲಕ್ಕೆ ಬಿದ್ದಿದ್ದ ಚಿತ್ರವೊಂದನ್ನು ಎತ್ತಿ ಅವರ ಕೈಗೆ ಕೊಟ್ಟೆ. "ಏನಿಲ್ಲ ಮೇಡಂ."

"ನಿನ್ನಂಥೋಳು ಪ್ರತಿ ಮನೇಲಿ ಒಬ್ಬಳಿದ್ದಿದ್ದರೆ ನಮ್ಮ ಕೆಲಸ ಅರ್ಧ ಮುಗೀತಿತ್ತು ನೋಡು," ಎಂದು ನನ್ನ ಭುಜ ತಟ್ಟಿದರು.

ಟ್ರಸ್ಟಿನಿಂದ ಬಂದದ್ದು ಒಬ್ಬರೇ, ವಯಸ್ಸಾದ ಹೆಂಗಸು. ಬಿಳಿ ಕೂದಲು ಕತ್ತರಿಸಿಕೊಂಡಿದ್ದರು, ಎರಡೂ ಕಿವಿಯಲ್ಲಿ ಕೇಳಿಸುವ ಯಂತ್ರ. ಹಕ್ಕಿ ಡಾಕ್ಟರು ಇಸ್ತ್ರಿ ಮಾಡಿದ ಕೋಟು ಹಾಕಿದ್ದರು. ಆ ಹೆಂಗಸನ್ನು ಅಪ್ಪನ ಮಗ್ಗುಲಿಗೇ ಕೂರಿಸಿದರು. ಅಂದರೆ ಅವರೂ ನನಗೆ ಎದುರು.

ಪಾಠ ಶುರುವಾಯಿತು. ನಾನು ಹಲ್ಲು ಕಚ್ಚಿ ಹಿಡಿದೆ. ಮೇಡಂ ಛತ್ರಿಯ ಚಿತ್ರ ಇಟ್ಟರು. ಅಪ್ಪ ತಲೆ ಎತ್ತಿದ. ಅವನ ಕಣ್ಣು ನನ್ನ ಬಾಯಿಗೆ ನೆಟ್ಟಿತು. ನೀರಿನಲ್ಲಿ ಮುಳುಗುತ್ತಿರುವವನು ದಡ ನೋಡುವ ಹಾಗೆ ನೋಡಿದ. ನನ್ನ ಹಲ್ಲು ತಾನೇ ಸಡಿಲಾಯಿತು.

"ಛತ್ರಿ," ಎಂದ ಅಪ್ಪ.

ಆಮೇಲೆ ನಾನು ತಡೆಯಲಿಲ್ಲ. ಕತ್ತರಿ, ದಿಂಬು, ಬಾಗಿಲು. ಹಕ್ಕಿ ಡಾಕ್ಟರ ಮುಖ ಅರಳುತ್ತಾ ಹೋಯಿತು. ಟ್ರಸ್ಟಿನ ಹೆಂಗಸು ಮಾತ್ರ ಅಪ್ಪನನ್ನು ನೋಡುತ್ತಲೇ ಇರಲಿಲ್ಲ.

"ಮಗು, ಇಲ್ಲಿ ಬಾ. ನನ್ನ ಹಿಂದೆ ಬಂದು ನಿಂತ್ಕೋ," ಎಂದರು ನನಗೆ.

ಎದ್ದು ಹೋದೆ. ಅಪ್ಪನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಮೇಡಂ ಮುಂದಿನ ಚಿತ್ರ ಇಟ್ಟರು. ಅಪ್ಪ ಖಾಲಿ ಕುರ್ಚಿಯನ್ನು ನೋಡಿದ. ಯಾರೋ ಬಾಗಿಲಾಚೆ ತಳ್ಳುಗಾಡಿ ತಳ್ಳಿಕೊಂಡು ಹೋದರು. "ಒಂದು ಸಲ," ಎಂದ ಅಪ್ಪ, ಮೆಲ್ಲಗೆ.

"ಈಗ ಹೋಗಿ ನಿನ್ನ ಜಾಗದಲ್ಲೇ ಕೂತ್ಕೋ."

ಕೂತೆ. "ಸೋಪು," ಎಂದ ಅಪ್ಪ.

"ಡಾಕ್ಟ್ರೇ, ನನಗೆ ಕಿವಿ ಕೇಳಿಸೋದು ಅಷ್ಟಕ್ಕಷ್ಟೇ," ಎಂದರು ಆ ಹೆಂಗಸು. "ಅರ್ಧ ಆಯಸ್ಸು ಜನರ ಬಾಯಿ ನೋಡ್ಕೊಂಡೇ ಕಳೆದಿದ್ದೀನಿ. ನಿಮ್ಮ ರೋಗಿಗಿಂತ ಮೊದಲು ಎಲ್ಲಾ ಉತ್ತರಾನೂ ಈ ಹುಡುಗಿ ನನಗೆ ಹೇಳಿಬಿಟ್ಟಳು."

ಮೇಡಂ ಕೆನ್ನೆಗೆ ಕೈ ಹಚ್ಚಿಕೊಂಡು ನನ್ನನ್ನೇ ನೋಡಿದರು. ನೆಲ ಬಿರಿದರೆ ಒಳಗೆ ಹೋಗೋಣ ಅನ್ನಿಸಿತು. ಆದರೂ, ನಿಜ ಹೇಳಬೇಕೆಂದರೆ, ಎದೆಯ ಮೇಲಿನ ಭಾರ ಇಳಿದಂತೆಯೂ ಆಯಿತು. ಇನ್ನು ಎಲ್ಲ ಮುಗಿಯಿತು, ಯಾವ ಕಡೆಗಾದರೂ ಸರಿ, ಎಂದುಕೊಂಡೆ.

ಮುಗಿಯಲಿಲ್ಲ. ಹಕ್ಕಿ ಡಾಕ್ಟರ ಮುಖ ಮೊದಲು ಕಪ್ಪಿಟ್ಟಿತು, ಆಮೇಲೆ ಅವರು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡತೊಡಗಿದರು. ನನ್ನ ಜಾಗದಲ್ಲಿ ಮೇಡಂ ಅವರನ್ನು ಕೂರಿಸಿ ತುಟಿ ಆಡಿಸಲು ಹೇಳಿದರು. ಅಪ್ಪ ಅವರ ಬಾಯಿಯನ್ನು ಗೋಡೆ ನೋಡಿದಂತೆ ನೋಡಿದ. ತಾವೇ ಕೂತರು, ಅದಕ್ಕೂ ಹಾಗೇ. ಮತ್ತೆ ನನ್ನನ್ನು ಕೂರಿಸಿದರು. "ತಟ್ಟೆ," ಎಂದ ಅಪ್ಪ.

"ಔಷಧಿ ಶುರು ಮಾಡೋಕೆ ಮುಂಚೆ ನಿನ್ನ ಬಾಯಿ ನೋಡಿ ಹೀಗೆ ಹೇಳ್ತಿದ್ರಾ?" ಎಂದು ಕೇಳಿದರು.

ಯೋಚಿಸಿದೆ. "ಇಲ್ಲ. ಆಗ ನಾನು ಎದುರಿಗೆ ಕೂತು ಜೋರಾಗಿ ಹೇಳಿಕೊಟ್ಟರೂ ಬರ್ತಿರಲಿಲ್ಲ."

"ಕೇಳಿದ್ರಾ?" ಎಂದು ಅವರು ಆ ಹೆಂಗಸಿನ ಕಡೆ ತಿರುಗಿದರು. "ನಮ್ಮ ಮರಿಹಕ್ಕಿಗಳೂ ಹೀಗೇ. ಹಾಡು ಬರೀ ಕೇಳಿದರೆ ಕಲಿಯೋದು ನಿಧಾನ. ತನ್ನ ಗೂಡಿನ ಹಕ್ಕಿ ಹಾಡೋದನ್ನ ಕಣ್ಣಾರೆ ನೋಡಬೇಕು. ಔಷಧಿ ಬಾಗಿಲು ತೆಗೀತಾ ಇದೆ, ಒಳಗೆ ಕರೆದುಕೊಂಡು ಹೋಗ್ತಾ ಇರೋಳು ಇವಳು."

ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ಹೊರಡುವಾಗ ಆ ಹೆಂಗಸು ನನ್ನ ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿ ನೋಡಿದರು. "ಸ್ಪಷ್ಟವಾದ ಬಾಯಿ," ಎಂದರು, ಹರಾಜಿನ ಸಾಮಾನು ನೋಡುವವರ ಹಾಗೆ, ಆದರೆ ಪ್ರೀತಿಯಿಂದಲೇ.

ಹಣ ಮಂಜೂರಾಯಿತು. ಎರಡನೆಯ ಹಂತದ ರೂಪ ಬದಲಾಯಿತು. ಅಪ್ಪ ಬೆಳಿಗ್ಗೆಯಿಂದ ಸಂಜೆಯವರೆಗೆ ಕೇಂದ್ರದಲ್ಲಿ. ಎದುರಿನ ಕುರ್ಚಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು. ಒಂದಿಷ್ಟು ಸಂಬಳವನ್ನೂ ಗೊತ್ತುಮಾಡಿದರು. ಅಮ್ಮ ಲಾಂಡ್ರಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದಳು.

"ನೋಡಿದ್ಯಾ, ಶಾಲೆಗೆ ಹೋದವರಿಗೂ ಸಿಗದ ಕೆಲಸ," ಎಂದಳು. ನನ್ನ ಮುಖ ನೋಡಿ ಅವಳ ನಗು ಮಾಸಿತು. "ನಾನೇನು ಮಾಡ್ಲೇ? ನಾನು ತುಟಿ ಆಡಿಸಿದರೆ ನಿಮ್ಮಪ್ಪ ನೋಡಲ್ವಲ್ಲ. ಯಾವತ್ತೂ ನೋಡಿದೋರಲ್ಲ."

ಎರಡನೆಯ ಹಂತಕ್ಕೆ ಒಪ್ಪಿಗೆಯ ಸಹಿ ಹಾಕಲು ಅಪ್ಪ ನಾನು ಹೋದ ದಿನ, ನಾನೇ ಡಾಕ್ಟರ ಕೋಣೆಯ ಬಾಗಿಲು ತಟ್ಟಿದೆ. ಬಸ್ಸಿನಲ್ಲಿ ಬರುವಾಗ ಇಡೀ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

"ಸರ್, ನನ್ನ ಬಾಯಿಯ ಚಿತ್ರ ತೆಗೆದುಕೊಳ್ಳಿ. ಎಷ್ಟು ಪದ ಬೇಕೋ ಅಷ್ಟೂ ಹೇಳ್ತೀನಿ. ಅದನ್ನೇ ಪರದೆ ಮೇಲೆ ಅಪ್ಪಂಗೆ ತೋರಿಸಿ. ನಾನು ಬೇರೆ ಕೆಲಸಕ್ಕೆ ಹೋಗ್ಬೇಕು."

ಅವರು ಪೆನ್ನು ಕೆಳಗಿಟ್ಟರು. ಮುಖದಲ್ಲಿ ಸಂತೋಷವೂ ಇತ್ತು, ಸಂಕಟವೂ ಇತ್ತು. "ಒಳ್ಳೇ ಯೋಚನೆ ಕಣಮ್ಮ. ಆಗಬಹುದು ಕೂಡ. ಆದರೆ ಈ ಹಣ ಇರೋದು ನೀನು ಎದುರಿಗೆ ಕೂತು ಮಾಡೋ ಕೆಲಸಕ್ಕೆ. ಪರದೆ ಅಂದರೆ ಬೇರೆ ಅರ್ಜಿ. ಬೇರೆಯವರು ನೋಡಬೇಕು, ಒಪ್ಪಬೇಕು."

"ಯಾವಾಗ ಒಪ್ತಾರೆ?"

"ಮೊದಲು ಇದು ಮುಗೀಲಿ. ಆಮೇಲೆ ಹಾಕ್ತೀನಿ. ಸುಳ್ಳು ಹೇಳಲ್ಲ ನಿನಗೆ, ಅಂಥದಕ್ಕೆ ಕೊಡೋರು ಕಡಿಮೆ." ಮತ್ತೆ ಸೇರಿಸಿದರು, "ಒತ್ತಾಯ ಇಲ್ಲ. ನೀನು ಬೇಡ ಅಂದರೆ ಬೇಡ. ಎರಡನೇ ಹಂತ ಇಲ್ಲಿಗೇ ನಿಲ್ಲಿಸ್ತೀವಿ."

ನಿಲ್ಲಿಸುತ್ತಾರೆ. ಅಪ್ಪ ಹೊರಗೆ ಬೆಂಚಿನಲ್ಲಿ ಕೂತಿದ್ದ. ಅವನ ಪಕ್ಕದಲ್ಲಿ ಇನ್ನೂ ಇಬ್ಬರು ರೋಗಿಗಳು, ಅವರ ಹೆಂಡತಿಯರು. ಆ ಹೆಂಗಸರು ನನ್ನನ್ನು ಕಂಡು ನಕ್ಕು ಜಾಗ ಬಿಟ್ಟರು. ನಾನು ಸಹಿ ಹಾಕಿದೆ.

ಬಸ್ಸಿಳಿದು ಬರುವಾಗ ಕನ್ನಡಕದ ಅಂಗಡಿಯ ಮುಂದೆ ಕಾಲು ನಿಂತಿತು. ಒಳಗೆ ಯಂತ್ರದ ಮುಂದಿನ ಸ್ಟೂಲು ಖಾಲಿ ಇತ್ತು. ಯಜಮಾನರು ತಲೆ ಎತ್ತಿ ನೋಡಿ, ಬಾ ಎಂದು ಕೈಸನ್ನೆ ಮಾಡಿದರು. ಒಳಗೆ ಹೋಗಿ, ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಬೇಕಿತ್ತು. ಅಷ್ಟೇ ಕೆಲಸ.

ಆದರೆ ನಾನು ಅಪ್ಪನ ಕಡೆ ತಿರುಗಿದೆ. ಸಹಿ ಹಾಕಿದ್ದು ನಾನು, ಅಳಿಸಲೂ ನನಗೆ ಬರುತ್ತಿತ್ತು. ಅಪ್ಪ ಒಂದು ಮಾತು ಹೇಳಿದರೆ ಸಾಕಿತ್ತು. ಈಗ ನಾನು ಯಾವ ಮಾತು ತುಟಿಯಲ್ಲಿ ತೋರಿಸಿದರೂ ಅವನು ಹೇಳುತ್ತಾನೆ. ಅವನ ಮುಖದೆದುರು ನನ್ನ ಮುಖ ತಂದು, ಸದ್ದಿಲ್ಲದೆ, ತುಟಿ ದುಂಡಗೆ ಮಾಡಿ ಹೇಳಿದೆ: ಹೋಗು.

ಅಪ್ಪ ನನ್ನ ಬಾಯಿ ನೋಡಿದ. ಮತ್ತೊಮ್ಮೆ ತೋರಿಸಿದೆ. ಹೋಗು. ಅವನ ಕಣ್ಣು ನನ್ನ ತುಟಿಯಿಂದ ಮೇಲೇರಿ ನನ್ನ ಕಣ್ಣಿಗೆ ಬಂತು, ಅಂಗಡಿಯ ಒಳಗಿನ ಸ್ಟೂಲಿಗೆ ಹೋಯಿತು, ಮತ್ತೆ ನನ್ನ ಕಣ್ಣಿಗೆ ಬಂತು. ಅವನ ತುಟಿಗಳು ದುಂಡಗಾಗಲಿಲ್ಲ. ಒಂದನ್ನೊಂದು ಒತ್ತಿಕೊಂಡವು.

"ಬೇಡ," ಎಂದ.

ಆ ಮಾತು ನನ್ನ ತುಟಿಯ ಮೇಲೆ ಇರಲಿಲ್ಲ. ಗಡಿಯಾರದ ಹರಾಜಿನ ದಿನದಿಂದ ಈಚೆಗೆ ಅದು ಅವನ ಮೊದಲ ಸ್ವಂತ ಮಾತು. ಅವನು ನನ್ನ ತೋಳಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದ, ಕಣ್ಣು ತುಂಬಿತ್ತು. ತಾನು ಹೇಳಿದ್ದು ತನಗೇ ಕೇಳಿಸಿತು ಎಂಬ ಬೆರಗೂ ಅದರಲ್ಲಿತ್ತು.

ಯಜಮಾನರು ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. "ಏನೋ ಮಾತಾಡಿದ ಹಾಗಿತ್ತಲ್ಲ ನಿಮ್ಮಪ್ಪ? ಏನಂದ್ರು?"

ಅಪ್ಪನ ಮಾತನ್ನು ಹೊರಗಿನವರಿಗೆ ತಿಳಿಸುವುದು ಎಂದಿನಿಂದಲೋ ನನ್ನ ಕೆಲಸವಾಗಿತ್ತು.

"ಬೇಡ ಅಂದ್ರು," ಎಂದೆ.

ಅವರು ಸ್ವಲ್ಪ ಹೊತ್ತು ನಮ್ಮಿಬ್ಬರನ್ನೂ ನೋಡಿ, "ಸರಿ ಹಾಗಾದ್ರೆ," ಎಂದು ಒಳಗೆ ಹೋದರು. ಯಂತ್ರ ಶುರುವಾದ ಸದ್ದು ಕೇಳಿಸಿತು.